ಪಡಖಾನೆಯ ಉದ್ರಿ ಲೆಕ್ಕ

ಮೂರು ತಿಂಗಳ ಹಿಂದೆ ಅವನ ಬಳಿ 3,000 ಬೆಳ್ಳಿ ನಾಣ್ಯಗಳಿದ್ದವು. ಈಗ ಅವನನ್ನೇ ಮಾರಿಬಿಟ್ಟಿದ್ದರು. ಮಾರಿಸಿದವನು ಶತ್ರು ಸೈನಿಕನಲ್ಲ, ಎದುರಾಳಿ ಕಡಲ್ಗಳ್ಳನೂ ಅಲ್ಲ. ಆ 3,000ದ ಬಹುಪಾಲನ್ನು ಯಾರ ಅಂಗಡಿಯಲ್ಲಿ ಕೂತು ಕುಡಿದು ಕಳೆದಿದ್ದನೋ ಅದೇ ಪಡಖಾನೆಯವನು. ಕೈಯಲ್ಲಿದ್ದ ಕಾಸು ತೀರಿದ ಮೇಲೂ ಕುಡಿತ ನಿಂತಿರಲಿಲ್ಲ. ಉದ್ರಿ ಬೆಳೆಯುತ್ತ ಹೋಗಿತ್ತು. ಆಗಿನ ಜಮೈಕಾದಲ್ಲಿ ಸಾಲ ತೀರಿಸಲಾಗದವನನ್ನು ಮಾರಿ ಬಾಕಿ ವಸೂಲು ಮಾಡುವುದು ದೊಡ್ಡ ಸಂಗತಿಯೇನೂ ಆಗಿರಲಿಲ್ಲ.

ಈ ಕತೆ ಹೇಳುವವನು ಅಲೆಕ್ಸಾಂಡರ್ ಎಕ್ಸ್‌ಕ್ವೆಮೆಲಿನ್. 1666ರಲ್ಲಿ ಫ್ರೆಂಚ್ ಕಂಪನಿಯೊಂದರ ಜೀತದಾಳಾಗಿ ಕೆರಿಬಿಯನ್ನಿನ ಟಾರ್ಟುಗ ದ್ವೀಪಕ್ಕೆ ಬಂದಿಳಿದ ಈತ ಅಲ್ಲಿ ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಕಡಲ್ಗಳ್ಳರ ಜತೆ ಸೇರಿ ಅವರ ಗಾಯಗಳಿಗೆ ಪಟ್ಟಿ ಕಟ್ಟುತ್ತ ತಿರುಗಿದವನು. ಯುರೋಪಿಗೆ ಮರಳಿ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಡಚ್ ಭಾಷೆಯಲ್ಲಿ ಒಂದು ಪುಸ್ತಕ ಹೊರಡಿಸಿದ. ಕೆರಿಬಿಯನ್ ಕಡಲ್ಗಳ್ಳರ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಈ ಒಬ್ಬನ ಬಾಯಿಂದ ಬಂದದ್ದು. ಮಾರಾಟವಾದವನನ್ನು ಆತ ತನ್ನ ಒಡೆಯ ಎಂದೇ ಕರೆಯುತ್ತಾನೆ. ಜೀತದವನ ಒಡೆಯನೂ ಜೀತಕ್ಕೆ ಬಿದ್ದ, ಅದೂ ಹೆಂಡದ ಬಾಕಿಗೆ.

3,000 ನಾಣ್ಯ ಎಂದರೆ ಎಷ್ಟು? ಸ್ಪೇನಿನ ಎಂಟು ರಿಯಾಲಿನ ಬೆಳ್ಳಿ ನಾಣ್ಯ ಒಂದೊಂದೂ ಸುಮಾರು 27 ಗ್ರಾಂ ತೂಗುತ್ತಿತ್ತು. ಗುಣಿಸಿ ನೋಡಿ, ಹತ್ತಿರ ಹತ್ತಿರ 80 ಕಿಲೋ ಬೆಳ್ಳಿ. ಅಕ್ಕಿ ಮೂಟೆಯಾದರೆ ಮೂರು ಮೂಟೆಗಿಂತ ಹೆಚ್ಚು ಎಂದು ಲೆಕ್ಕ ಹಾಕುತ್ತೇನೆ, ಇಪ್ಪತ್ತೈದು ಕಿಲೋದ ಮೂಟೆ. ಅಷ್ಟನ್ನು ಒಬ್ಬ ಮನುಷ್ಯ ಮೂರು ತಿಂಗಳಲ್ಲಿ ಕುಡಿದು, ಕುಡಿಸಿ, ಜೂಜಾಡಿ ಮುಗಿಸಿದ. ಆ ಬೆಳ್ಳಿ ಆವಿಯಾಗಿ ಹೋಗಲಿಲ್ಲವಲ್ಲ! ಯಾರದೋ ಪೆಟ್ಟಿಗೆಗೆ ಹೋಯಿತು. ಕಡಲ್ಗಳ್ಳರ ಪಡಖಾನೆ ಎಂದೊಡನೆ ನಮಗೆ ಕಾಣುವುದು ಒಂಟಿ ಕಣ್ಣಿನ ಗಿರಾಕಿ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವನ ಮುಖ ಕಾಣುವುದೇ ಇಲ್ಲ. ನನಗೆ ಕುತೂಹಲ ಇರುವುದು ಅವನ ಬಗ್ಗೆ.

ಊರಿನ ಹೆಸರು ಪೋರ್ಟ್ ರಾಯಲ್. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬಂದರಿಗೆ ಅಡ್ಡಲಾಗಿ ಸಮುದ್ರದಲ್ಲಿ ಚಾಚಿಕೊಂಡಿರುವ ಉದ್ದನೆಯ ಮರಳು ದಿಬ್ಬದ ತುದಿಯಲ್ಲಿದೆ. ಕಿಂಗ್‌ಸ್ಟನ್ ಎಂದರೆ ನಮ್ಮವರಿಗೆ ಸಬೀನಾ ಪಾರ್ಕ್ ನೆನಪಾಗಬೇಕು. 2006ರಲ್ಲಿ ಅಲ್ಲಿನ ಏರುಪೇರಿನ ಪಿಚ್ಚಿನಲ್ಲಿ ರಾಹುಲ್ ದ್ರಾವಿಡ್ 81 ಮತ್ತು 68 ಹೊಡೆದು ಭಾರತಕ್ಕೆ ಸರಣಿ ಗೆದ್ದುಕೊಟ್ಟದ್ದು. ಆ ಮೈದಾನದಿಂದ ಕೊಲ್ಲಿಯ ಆಚೆ ದಡಕ್ಕೆ ಹೋದರೆ ಇಂದು ಮೀನುಗಾರರ ಒಂದು ಸಣ್ಣ ಊರು ಸಿಗುತ್ತದೆ. 17ನೇ ಶತಮಾನದ ಕೊನೆಯಲ್ಲಿ ಅದೇ ಜಾಗದಲ್ಲಿ 50 ಎಕರೆಯಷ್ಟು ನೆಲದ ಮೇಲೆ ಸುಮಾರು 2,000 ಕಟ್ಟಡಗಳು, ಆರೇಳು ಸಾವಿರ ಜನ.

ಇಂಗ್ಲಿಷರು 1655ರಲ್ಲಿ ಸ್ಪೇನಿನವರಿಂದ ಜಮೈಕಾ ಕಿತ್ತುಕೊಂಡರು. ಅವರು ಬಂದದ್ದು ಬೇರೆ ದೊಡ್ಡ ದ್ವೀಪ ಹಿಡಿಯಲು. ಅಲ್ಲಿ ಪೆಟ್ಟು ತಿಂದು, ಬರಿಗೈಲಿ ಮರಳಲು ನಾಚಿ ಇದನ್ನು ಹಿಡಿದರು. ಹಿಡಿದದ್ದೇನೋ ಆಯಿತು, ಕಾಯುವವರು ಯಾರು? ಸುತ್ತ ಎಲ್ಲ ಕಡೆ ಸ್ಪೇನಿನ ವಸಾಹತುಗಳು, ಇವರ ಬಳಿ ಸಾಕಷ್ಟು ಯುದ್ಧನೌಕೆಗಳಿಲ್ಲ. ಗವರ್ನರುಗಳು ಕಂಡುಕೊಂಡ ಉಪಾಯ ಸರಳ. ಕಡಲ್ಗಳ್ಳರನ್ನೇ ಕರೆದು ಬಂದರಿನಲ್ಲಿ ಕೂರಿಸಿದರು. ಕೈಗೊಂದು ಕಾಗದ ಕೊಟ್ಟರು: ಸ್ಪೇನಿನ ಹಡಗು ದೋಚಬಹುದು, ಅದರಲ್ಲಿ ಹತ್ತರಲ್ಲೊಂದು ಪಾಲು ದೊರೆಗೆ, ಹದಿನೈದರಲ್ಲೊಂದು ಪಾಲು ನೌಕಾಪಡೆಯ ಮುಖ್ಯಸ್ಥನಾದ ದೊರೆಯ ತಮ್ಮನಿಗೆ. ಕಾಗದವಿದ್ದರೆ ಯೋಧ, ಇಲ್ಲದಿದ್ದರೆ ಕಳ್ಳ. ಮನುಷ್ಯ ಒಬ್ಬನೇ, ದೋಣಿಯೂ ಅದೇ.

ಇಂಥ ನಾವಿಕರು ನೂರುಗಟ್ಟಲೆ ಬಂದಿಳಿಯುವ ಊರಿನಲ್ಲಿ ಮೊದಲು ಎದ್ದು ನಿಲ್ಲುವ ಅಂಗಡಿ ಯಾವುದೆಂದು ಹೇಳಬೇಕಾಗಿಲ್ಲ. 1661ರ ಜುಲೈ ಒಂದೇ ತಿಂಗಳಲ್ಲಿ ಅಲ್ಲಿನ ಆಡಳಿತ ಮಂಡಳಿ 40 ಪಡಖಾನೆಗಳಿಗೆ ಹೊಸ ಲೈಸೆನ್ಸ್ ಕೊಟ್ಟಿತು. ಕೆಲವು ಅಂಗಡಿಗಳ ಹೆಸರುಗಳು ಉಳಿದುಕೊಂಡಿವೆ: ಕರಿನಾಯಿ, ಹಸಿರು ಡ್ರ್ಯಾಗನ್, ಬೆಕ್ಕು ಮತ್ತು ಪಿಟೀಲು, ಚೆಷರ್ ಚೀಸ್. ಅಕ್ಷರ ಬಾರದ ಗಿರಾಕಿಗೆ ಬೋರ್ಡಿನ ಮೇಲೆ ನಾಯಿ, ಬೆಕ್ಕಿನ ಚಿತ್ರ ಇದ್ದರೆ ಸಾಕಿತ್ತು.

ಕುಡಿತಕ್ಕೆ ಮರಳು ದಿಬ್ಬವೂ ಒಂದು ನೆಪ ಒದಗಿಸಿತ್ತು. ಪೋರ್ಟ್ ರಾಯಲ್ಲಿನಲ್ಲಿ ಸಿಹಿನೀರಿರಲಿಲ್ಲ. ಎಲ್ಲಿ ತೋಡಿದರೂ ಉಪ್ಪು. ಕುಡಿಯುವ ನೀರನ್ನು ಕೊಲ್ಲಿಯ ಆಚೆಯ ರಿಯೊ ಕೋಬ್ರೆ ನದಿಯಿಂದ ಪೀಪಾಯಿಗಳಲ್ಲಿ ತುಂಬಿ ದೋಣಿಯಲ್ಲಿ ತರಬೇಕಿತ್ತು. ನೀರನ್ನೂ ದುಡ್ಡು ಕೊಟ್ಟು ಕೊಳ್ಳಬೇಕಾದ ಊರಿನಲ್ಲಿ ಬಿಯರ್, ಮಡೀರ ವೈನ್, ಬ್ರಾಂದಿ, ಆಮೇಲೆ ದ್ವೀಪದ ಕಬ್ಬಿನ ಕಾಕಂಬಿಯಿಂದಲೇ ಇಳಿಸಿದ ರಮ್. ಈ ರಮ್ಮಿಗೆ ಅವರಿಟ್ಟ ಅಡ್ಡಹೆಸರು ದೆವ್ವ ಕೊಲ್ಲುವುದು ಎಂಬರ್ಥದ್ದು. 1664ರಿಂದ 1671ರವರೆಗೆ ಗವರ್ನರಾಗಿದ್ದ ಥಾಮಸ್ ಮೋಡಿಫರ್ಡ್ ಹೇಳಿದನೆನ್ನುವ ಮಾತೊಂದಿದೆ. ಇಂಗ್ಲಿಷರು ಅಷ್ಟೊಂದು ಕಾಯಿಲೆ ಬೀಳುವುದನ್ನು ಕಂಡು ಸ್ಪೇನಿನವರಿಗೆ ಆಶ್ಚರ್ಯವಾಗಿತ್ತಂತೆ. ಇವರು ಏನು ಕುಡಿಯುತ್ತಾರೆಂದು ತಿಳಿದ ಮೇಲೆ, ಇನ್ನೂ ಬದುಕಿದ್ದಾರಲ್ಲ ಎಂದು ಇನ್ನೂ ಹೆಚ್ಚು ಆಶ್ಚರ್ಯವಾಯಿತಂತೆ.

ತಿನ್ನಲು ಆಮೆ. ಕೇಮನ್ ದ್ವೀಪಗಳಿಂದ ಜೀವಂತ ಕಡಲಾಮೆಗಳನ್ನು ಹಿಡಿದು ತಂದು, ಊರಿನ ಪಕ್ಕದ ಆಳವಿಲ್ಲದ ನೀರಿನಲ್ಲಿ ಬೇಲಿ ಹಾಕಿ ಬಿಟ್ಟಿರುತ್ತಿದ್ದರು. ಬೇಕಾದಾಗ ಎತ್ತಿ ಕೊಯ್ಯುವುದು. ಫ್ರಿಜ್ ಇಲ್ಲದ ಕಾಲದ ಕೋಲ್ಡ್ ಸ್ಟೋರೇಜ್.

ಈ ಅಂಗಡಿಗಳಲ್ಲಿ ಒಂದು ಬಗೆಗೆ ಪಂಚ್ ಹೌಸ್ ಎಂದು ಹೆಸರಿತ್ತು. ಇಲ್ಲಿ ನಮ್ಮ ಕಡೆಯದೊಂದು ಎಳೆ ಸಿಗುತ್ತದೆ. ಪಂಚ್ ಎಂಬ ಪೇಯದ ಹೆಸರು ಇಂಗ್ಲಿಷ್ ಬರಹದಲ್ಲಿ ಮೊದಲು ಕಾಣುವುದು 1632ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬನ ಕಾಗದದಲ್ಲಿ. ಆಮೇಲೆ 1670ರ ದಶಕದಲ್ಲಿ ಅದೇ ಕಂಪನಿಯ ವೈದ್ಯ ಜಾನ್ ಫ್ರೈಯರ್ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಓಡಾಡಿದ. ಕಾರವಾರದಲ್ಲಿ ತಂಗಿದ, ಗೋಕರ್ಣವನ್ನೂ ನೋಡಿದ. ಐದು ಪದಾರ್ಥ ಬೀಳುವುದರಿಂದ ಇಲ್ಲಿನವರ ಮಾತಿನ ಐದು ಎಂಬ ಪದವೇ ಈ ಪೇಯಕ್ಕೆ ಹೆಸರಾಯಿತೆಂದು ಬರೆದಿಟ್ಟವನು ಆತ. ಸಾರಾಯಿ, ಸಕ್ಕರೆ, ನಿಂಬೆರಸ, ಮಸಾಲೆ, ನೀರು. ನಮ್ಮ ಪಂಚಾಮೃತ, ಪಂಚಕಜ್ಜಾಯಗಳ ದಾಯಾದಿ ಎನ್ನಬೇಕು, ಮನೆಯವರು ಒಪ್ಪುವುದು ಕಷ್ಟ. ಪಂಚನ್ ಎಂಬ ಪೀಪಾಯಿಯಿಂದ ಈ ಹೆಸರು ಬಂತೆಂದು ವಾದಿಸುವ ಪಂಡಿತರೂ ಇದ್ದಾರೆ. ನಾನು ಫ್ರೈಯರನ ಪಕ್ಷ. ಕುಡಿದು ನೋಡಿ ಬರೆದವನ ಮಾತಿಗೆ ತೂಕ ಜಾಸ್ತಿ. ಹಡಗಿನವರ ಬಾಯಲ್ಲಿ ಈ ಪೇಯ ಅಟ್ಲಾಂಟಿಕ್ ದಾಟಿತು, ಸಾರಾಯಿಯ ಜಾಗದಲ್ಲಿ ರಮ್ ಬಿತ್ತು, ದೊಡ್ಡ ಬೋಗುಣಿಯಲ್ಲಿ ಕಲಸಿ ಮೇಜಿನ ನಡುವೆ ಇಟ್ಟರು.

ಇನ್ನು ಗಲ್ಲಾಪೆಟ್ಟಿಗೆಗೆ ಬರೋಣ.

1668ರ ಜುಲೈನಲ್ಲಿ ವೇಲ್ಸಿನವನಾದ ಹೆನ್ರಿ ಮಾರ್ಗನ್ ನಾನ್ನೂರು ಐನೂರು ಜನರನ್ನು ಕಟ್ಟಿಕೊಂಡು, ಇಂದಿನ ಪನಾಮಾ ದೇಶದಲ್ಲಿರುವ ಪೋರ್ಟೊಬೆಲೊ ಬಂದರಿನ ಮೇಲೆ ರಾತ್ರಿ ಸಣ್ಣ ದೋಣಿಗಳಲ್ಲಿ ಹೋಗಿ ಬಿದ್ದ. ಪೆರುವಿನ ಬೆಳ್ಳಿ ಸ್ಪೇನಿಗೆ ಹಡಗೇರುತ್ತಿದ್ದ ಬಂದರು ಅದು. ಊರನ್ನು ಸುಡದೆ ಬಿಡಲು ತೆಗೆದುಕೊಂಡ ಒತ್ತೆಹಣವೇ 1,00,000 ನಾಣ್ಯ. ಎಲ್ಲ ಸೇರಿ ಎರಡೂವರೆ ಲಕ್ಷದ ಆಸುಪಾಸು. ಜಮೈಕಾ ಆಗ ಒಂದು ವರ್ಷದಲ್ಲಿ ರಫ್ತು ಮಾಡುತ್ತಿದ್ದ ಸಕ್ಕರೆಯ ಬೆಲೆಗಿಂತ ಇದು ಹಲವು ಪಟ್ಟು ಹೆಚ್ಚು. ತಲೆಗೆ ಸುಮಾರು 60 ಪೌಂಡ್ ಬಿತ್ತು. ತೋಟದಲ್ಲಿ ಕೂಲಿ ಮಾಡುವವನು ಎರಡು ಮೂರು ವರ್ಷ ದುಡಿದರೂ ಕಾಣದ ಮೊತ್ತ.

ಆ 60 ಪೌಂಡ್ ಹೊತ್ತ ನಾನ್ನೂರು ಚಿಲ್ಲರೆ ಜನ ಒಂದೇ ದಿನ ಪೋರ್ಟ್ ರಾಯಲ್ಲಿನ ಕಟ್ಟೆಯ ಮೇಲೆ ಇಳಿದರೆಂದು ಊಹಿಸಿಕೊಳ್ಳಿ. ಇಂಥ ದಿನಗಳಲ್ಲಿ ನಡೆಯುತ್ತಿದ್ದುದನ್ನು ಎಕ್ಸ್‌ಕ್ವೆಮೆಲಿನ್ ಕಣ್ಣಾರೆ ಕಂಡು ಬರೆದಿದ್ದಾನೆ. ಒಂದೇ ರಾತ್ರಿಯಲ್ಲಿ ಎರಡು ಮೂರು ಸಾವಿರ ನಾಣ್ಯ ಖರ್ಚು ಮಾಡಿ ಬೆಳಗಾಗುವ ಹೊತ್ತಿಗೆ ಮೈಮೇಲೆ ನೆಟ್ಟಗಿನ ಅಂಗಿಯೂ ಇಲ್ಲದವರನ್ನು ಆತ ನೋಡಿದ್ದ. ಅವನ ಒಡೆಯನಂತೂ ವೈನಿನ ಇಡೀ ಪೀಪಾಯಿ ಕೊಂಡು, ಉರುಳಿಸಿಕೊಂಡು ಬಂದು ಬೀದಿಯ ನಡುವೆ ನಿಲ್ಲಿಸುತ್ತಿದ್ದ. ದಾರಿಗೆ ಅಡ್ಡ ನಿಂತು, ಹೋಗಿಬರುವವರೆಲ್ಲ ತನ್ನ ಜತೆ ಕುಡಿಯಲೇಬೇಕೆಂದು ಹಟ. ಒಲ್ಲೆ ಎಂದವರಿಗೆ ಪಿಸ್ತೂಲು. ಕೆಲವೊಮ್ಮೆ ಬಿಯರಿನ ಪೀಪಾಯಿ ತಂದು ಎರಡೂ ಕೈಯಲ್ಲಿ ಮೊಗೆದು ಹೆಂಗಸರು ಗಂಡಸರು ಎನ್ನದೆ ಎಲ್ಲರ ಮೈಮೇಲೂ ಎರಚುತ್ತಿದ್ದ. ನಮ್ಮ ಜಾತ್ರೆಯ ಓಕುಳಿಯಲ್ಲಾದರೂ ಸುರಿಯುವುದು ಬಣ್ಣದ ನೀರು.

ಈ ದೃಶ್ಯ ಓದಿದವರೆಲ್ಲ ಒಡೆಯನ ಪುಂಡಾಟ ನೋಡಿ ನಗುತ್ತಾರೆ. ನನಗೆ ಆ ಪೀಪಾಯಿಗೆ ದುಡ್ಡು ಎಣಿಸಿಕೊಂಡವನು ಕಣ್ಣಿಗೆ ಬೀಳುತ್ತಾನೆ. ಅವನು ಕೂಗಾಡಲಿಲ್ಲ, ಪಿಸ್ತೂಲು ಹಿಡಿಯಲಿಲ್ಲ. ಬಾಗಿಲಲ್ಲಿ ನಿಂತು ಇನ್ನೊಂದು ಪೀಪಾಯಿ ತೆಗೆಸಲೇ ಎಂದು ಕೇಳಿರಬೇಕು.

ಆ ಕಾಲದ ಸ್ಪೇನಿನ ನಾಣ್ಯಗಳು ಈಗಿನಂತೆ ದುಂಡಗಿರಲಿಲ್ಲ. ಬೆಳ್ಳಿಯ ಗಟ್ಟಿ ಕತ್ತರಿಸಿ, ಸುತ್ತಿಗೆಯಿಂದ ಮುದ್ರೆ ಒತ್ತಿದ ಅಂಕುಡೊಂಕಿನ ಬಿಲ್ಲೆಗಳು. ಅಂಚು ಕೆತ್ತಿ ಕದಿಯುವವರು ಬೇರೆ. ಚಿಲ್ಲರೆ ಬೇಕೆಂದರೆ ಬಿಲ್ಲೆಯನ್ನೇ ತುಂಡರಿಸುತ್ತಿದ್ದರು. ಹಾಗಾಗಿ ಎಣಿಸಿದರೆ ಸಾಲದು, ತೂಗಬೇಕು. ತಕ್ಕಡಿ ಅಂಗಡಿಯವನದು, ಗಿರಾಕಿ ಮೂಗಿನವರೆಗೂ ಕುಡಿದಿದ್ದಾನೆ. ಹೆಚ್ಚು ಹೇಳಬೇಕೆ?

ದುಡ್ಡಷ್ಟೇ ಬರುತ್ತಿರಲಿಲ್ಲ. ದೋಚಿದ ಮಾಲಿನಲ್ಲಿ ರೇಷ್ಮೆ, ನೀಲಿ ಬಣ್ಣ, ಕೋಕೋ, ಚರ್ಚಿನ ಬೆಳ್ಳಿ ಸಾಮಾನು ಎಲ್ಲ ಇರುತ್ತಿತ್ತು; ಹಿಡಿದು ತಂದ ಆಫ್ರಿಕದ ಗುಲಾಮರೂ ಇರುತ್ತಿದ್ದರು. ನಾವಿಕನಿಗೆ ನೀಲಿಯ ಪೆಟ್ಟಿಗೆಯಿಂದ ಏನಾಗಬೇಕು? ಇವತ್ತು ಸಂಜೆಗೆ ದುಡ್ಡು ಬೇಕು. ದಡದಲ್ಲಿ ಕಾದಿದ್ದ ವರ್ತಕ ಅಗ್ಗಕ್ಕೆ ಕೊಳ್ಳುತ್ತಿದ್ದ, ಅದೇ ದುಡ್ಡು ಸಂಜೆಗೆ ಪಡಖಾನೆಗೆ ಇಳಿಯುತ್ತಿತ್ತು. 1680ರ ಜನಗಣತಿಯಲ್ಲಿ ಜಾನ್ ಸ್ಟಾರ್ ಎಂಬವನ ಒಂದೇ ಮನೆಯಲ್ಲಿ 21 ಬಿಳಿಯ ಹೆಂಗಸರು, ಇಬ್ಬರು ಕಪ್ಪು ಹೆಂಗಸರು ಎಂದು ಬರೆದಿದೆ. ಅದು ಯಾವ ಬಗೆಯ ಮನೆಯೆಂದು ಗಣತಿಯವನು ಬರೆಯಬೇಕಾಗಿರಲಿಲ್ಲ.

ಸಿನಿಮಾಗಳಲ್ಲಿ ಕಡಲ್ಗಳ್ಳರು ಮೇಣದಬತ್ತಿಯ ಬೆಳಕಿನಲ್ಲಿ, ಪಡಖಾನೆಯ ಮೂಲೆಯ ಮೇಜಿನ ಮೇಲೆ ನಕ್ಷೆ ಬಿಡಿಸಿ ಸಂಚು ಹೂಡುತ್ತಾರೆ. ಈ ಚಿತ್ರಕ್ಕೆ ಮೂಲಪುರುಷ ರಾಬರ್ಟ್ ಲೂಯಿ ಸ್ಟೀವನ್‌ಸನ್. 1883ರಲ್ಲಿ ಪುಸ್ತಕವಾಗಿ ಬಂದ ಅವನ ‘ಟ್ರೆಷರ್ ಐಲೆಂಡ್’ ಶುರುವಾಗುವುದೇ ಕಡಲ ದಡದ ಒಂದು ಪಡಖಾನೆಯಲ್ಲಿ. ಎಕ್ಸ್‌ಕ್ವೆಮೆಲಿನ್ ಹೇಳುವುದು ಬೇರೆ. ಪಯಣದ ಮಾತುಕತೆ ಎಲ್ಲ ಹಡಗಿನ ಮೇಲೆಯೇ ಆಗುತ್ತಿತ್ತು, ಎಲ್ಲರೂ ಕೂತು ತೀರ್ಮಾನಿಸುತ್ತಿದ್ದರು. ಮೊದಲ ಪ್ರಶ್ನೆ ನಿಧಿ ಎಲ್ಲಿದೆ ಎಂಬುದಲ್ಲ. ಮಾಂಸ ಎಲ್ಲಿ ಸಿಗುತ್ತದೆ ಎಂಬುದು. ಯಾರ ಹಂದಿ ದೊಡ್ಡಿಗೆ ನುಗ್ಗಬೇಕು, ಆಮೆ ಹಿಡಿಯಲು ಎಲ್ಲಿಗೆ ಹೋಗಬೇಕು. ಆಮೇಲೆ ಪಾಲಿನ ಕರಾರು, ಬರವಣಿಗೆಯಲ್ಲಿ.

ಆ ಕರಾರು ಅಚ್ಚುಕಟ್ಟಾಗಿರುತ್ತಿತ್ತು. ಬೇಟೆ ಸಿಗದಿದ್ದರೆ ಯಾರಿಗೂ ಸಂಬಳವಿಲ್ಲ. ಸಿಕ್ಕರೆ ಮೊದಲು ಬಡಗಿಗೆ, ವೈದ್ಯನಿಗೆ ಇಂತಿಷ್ಟು ಎತ್ತಿಡುವುದು. ಆಮೇಲೆ ಊನವಾದವರಿಗೆ. ಬಲಗೈ ಹೋದರೆ 600 ನಾಣ್ಯ ಅಥವಾ ಆರು ಗುಲಾಮರು, ಎಡಗೈಗೆ 500, ಬಲಗಾಲಿಗೂ 500, ಎಡಗಾಲಿಗೆ 400. ಒಂದು ಕಣ್ಣಿಗೆ 100. ಒಂದು ಬೆರಳಿಗೂ ಅಷ್ಟೇ, 100. ಕಣ್ಣಿಗೂ ಬೆರಳಿಗೂ ಒಂದೇ ದರ ಯಾಕೆಂದು ನಾನು ಬಹಳ ಯೋಚಿಸಿದ್ದೇನೆ. ಹಗ್ಗ ಎಳೆಯುವವನಿಗೆ, ಬಂದೂಕಿನ ಕುದುರೆ ಒತ್ತುವವನಿಗೆ ಒಂದು ಬೆರಳು ಹೋದರೆ ಆಗುವ ನಷ್ಟ, ಇನ್ನೊಂದು ಕಣ್ಣು ಉಳಿದವನ ನಷ್ಟದಷ್ಟೇ ಇದ್ದಿರಬೇಕು. ಇದನ್ನು ಕಡಲ್ಗಳ್ಳರ ಪ್ರಜಾಪ್ರಭುತ್ವ, ಕಾರ್ಮಿಕ ವಿಮೆ ಎಂದೆಲ್ಲ ಕೊಂಡಾಡುವ ಬರಹಗಳು ಈಚೆಗೆ ಬಹಳ. ಆರು ಗುಲಾಮರು ಎಂಬ ಎರಡು ಪದ ಆ ಕೊಂಡಾಟದಲ್ಲಿ ಎಲ್ಲಿ ಮಾಯವಾಗುತ್ತವೋ ಕಾಣೆ. ಇವರ ಕೈಗೆ ಪರಿಹಾರ ಇನ್ನೊಬ್ಬರ ಇಡೀ ಮೈ.

ಹೀಗೆ ಹಡಗಿನ ಮೇಲೆ ಬೆರಳಿಗೆ ಇಷ್ಟು ಎಂದು ಲೆಕ್ಕ ಇಟ್ಟವರೇ ದಡದ ಮೇಲೆ ಲೆಕ್ಕ ಮರೆಯುತ್ತಿದ್ದರು. ತಮ್ಮತಮ್ಮಲ್ಲಿ ಅವರು ಉದಾರಿಗಳು. ಒಬ್ಬನ ಕೈ ಬರಿದಾದರೆ ಇನ್ನೊಬ್ಬ ಕೊಡುತ್ತಿದ್ದ. ಎಲ್ಲರ ಕೈಯೂ ಬರಿದಾದಾಗ ಪಡಖಾನೆಯವನು ಉದ್ರಿ ಕೊಡುತ್ತಿದ್ದ. ನಮ್ಮ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ನೋಡಿದ್ದೀರಲ್ಲ. ಪೋರ್ಟ್ ರಾಯಲ್ಲಿನವನು ಅದನ್ನು ತಿರುಗಿಸಿ ಹಾಕಿದ್ದ: ಇಂದು ಉದ್ರಿ, ನಾಳೆ ಕೊಳ್ಳೆ. ಅವನಿಗೆ ಗೊತ್ತಿತ್ತು, ಈ ಗಿರಾಕಿಗೆ ಸಾಲ ತೀರಿಸಲು ಇರುವುದು ಒಂದೇ ದಾರಿ. ಮತ್ತೆ ಕಡಲಿಗೆ ಹೋಗಬೇಕು, ಮತ್ತೆ ದೋಚಬೇಕು, ಮತ್ತೆ ಇಲ್ಲಿಗೇ ಬರಬೇಕು. ಪೋರ್ಟೊಬೆಲೊದಿಂದ ಬಂದವರು ಕೆಲವೇ ದಿನಗಳಲ್ಲಿ ಎಲ್ಲ ಕಳೆದುಕೊಂಡು, ಹೊರಡು ಹೊರಡು ಎಂದು ನಾಯಕನ ಬೆನ್ನು ಹತ್ತಿದರು. ಶೌರ್ಯ, ಸಾಹಸ, ಕಡಲಿನ ಸೆಳೆತ ಎಂದೆಲ್ಲ ನಾವು ಬರೆದುಕೊಳ್ಳುತ್ತೇವೆ. ಹಡಗುಗಳನ್ನು ಬಂದರಿನಿಂದ ಹೊರಗೆ ತಳ್ಳುತ್ತಿದ್ದ ಗಾಳಿಯಲ್ಲಿ ಅರ್ಧದಷ್ಟು ಈ ಉದ್ರಿ ಪುಸ್ತಕದಿಂದ ಬೀಸಿದ್ದು ಎಂದು ನನ್ನ ಅಂದಾಜು.

ಇದನ್ನು ಅರ್ಥ ಮಾಡಿಕೊಂಡ ಕಳ್ಳ ಒಬ್ಬನಿದ್ದ. ಮಾರ್ಗನ್. ಅವನೂ ಕುಡಿಯುತ್ತಿದ್ದ, ಪೋರ್ಟ್ ರಾಯಲ್ಲಿನ ಪಡಖಾನೆಗಳಲ್ಲಿ ಹಳೆಯ ಜತೆಗಾರರೊಡನೆ ರಾತ್ರಿ ಕಳೆಯುತ್ತಾನೆಂದು ಮೇಲಿನವರಿಗೆ ದೂರುಗಳು ಹೋಗುತ್ತಿದ್ದವು. ಆದರೆ ಬೆಳ್ಳಿಯನ್ನು ಭೂಮಿಗೆ ಹಾಕಿದ. 1670ರಲ್ಲಿ ಇಂಗ್ಲೆಂಡ್ ಮತ್ತು ಸ್ಪೇನ್ ಮ್ಯಾಡ್ರಿಡ್ಡಿನಲ್ಲಿ ಒಪ್ಪಂದ ಮಾಡಿಕೊಂಡವು. ಮರುವರ್ಷದ ಜನವರಿಯಲ್ಲಿ ಮಾರ್ಗನ್ ಪನಾಮಾ ನಗರವನ್ನೇ ಲೂಟಿ ಮಾಡಿದ. ಅಲ್ಲಿ ಜತೆಗಿದ್ದ ಎಕ್ಸ್‌ಕ್ವೆಮೆಲಿನ್ ಪ್ರಕಾರ ಸಾಮಾನ್ಯ ನಾವಿಕನಿಗೆ ತಲೆಗೆ ಬಿದ್ದದ್ದು 200 ನಾಣ್ಯ ಮಾತ್ರ. ಜನ ಗುಜುಗುಜು ಎನ್ನುವಷ್ಟರಲ್ಲಿ ಮಾರ್ಗನ್ ತನ್ನವರೊಂದಿಗೆ ಸದ್ದಿಲ್ಲದೆ ಹಾಯಿ ಬಿಚ್ಚಿದ್ದ. ಶಾಂತಿ ಮುರಿದ ತಪ್ಪಿಗೆ 1672ರಲ್ಲಿ ಅವನನ್ನು ಹಿಡಿದು ಲಂಡನ್ನಿಗೆ ಒಯ್ದರು. ಶಿಕ್ಷೆ ಏನಾಯಿತು? 1674ರಲ್ಲಿ ದೊರೆ ಅವನನ್ನು ಸರ್ ಹೆನ್ರಿ ಮಾಡಿದ. ಉಪಗವರ್ನರಾಗಿ ಜಮೈಕಾಕ್ಕೇ ವಾಪಸು ಕಳಿಸಿದ. ಇನ್ನು ಕಡಲ್ಗಳ್ಳರನ್ನು ಹಿಡಿದು ಗಲ್ಲಿಗೆ ಹಾಕುವುದೇ ಅವನ ಕೆಲಸ. 1684ರಲ್ಲಿ ಎಕ್ಸ್‌ಕ್ವೆಮೆಲಿನ್ ಪುಸ್ತಕ ಇಂಗ್ಲಿಷಿಗೆ ಬಂದಾಗ ಮಾರ್ಗನ್ ಪ್ರಕಾಶಕರ ಮೇಲೆ ಮಾನನಷ್ಟದ ದಾವೆ ಹೂಡಿದ. ಊರು ಸುಟ್ಟ, ಜನರಿಗೆ ಚಿತ್ರಹಿಂಸೆ ಕೊಟ್ಟ ಎಂದು ಬರೆದದ್ದರ ಜತೆಗೆ, ತಾನು ಜೀತದಾಳಾಗಿ ಬಂದೆನೆಂದು ಬರೆದದ್ದು ಅವನನ್ನು ಬಹಳ ಚುಚ್ಚಿತ್ತು. ಪ್ರಕಾಶಕರು ತಪ್ಪೊಪ್ಪಿಕೊಂಡು ಪರಿಹಾರ ತೆತ್ತರು.

ಕೊನೆಗಾಲದಲ್ಲಿ ಅವನನ್ನು ಪರೀಕ್ಷಿಸಿದ ವೈದ್ಯ ಹ್ಯಾನ್ಸ್ ಸ್ಲೋನ್. ಮುಂದೆ ಬ್ರಿಟಿಷ್ ಮ್ಯೂಸಿಯಂ ಹುಟ್ಟಿದ್ದು ಈ ಸ್ಲೋನ್ ಕೂಡಿಟ್ಟ ಸಂಗ್ರಹದಿಂದ. ಸಣಕಲು ದೇಹ, ಹಳದಿ ಕಣ್ಣು, ಮುಂದಕ್ಕೆ ಉಬ್ಬಿದ ಹೊಟ್ಟೆ ಎಂದು ರೋಗಿಯ ಲಕ್ಷಣ ಬರೆದುಕೊಂಡಿದ್ದಾನೆ. ಲಿವರ್ ಹೋಗಿತ್ತು ಎಂದು ಇವತ್ತು ಯಾರು ಬೇಕಾದರೂ ಹೇಳಬಹುದು. ಕುಡಿತ ಬಿಡು, ಬೇಗ ಮಲಗು ಎಂದರೆ ಕೇಳುವ ರೋಗಿ ಇವನಲ್ಲ. 1688ರ ಆಗಸ್ಟ್ 25ರಂದು ಸತ್ತ. ತೋಟಗಳು, ನೂರಕ್ಕೂ ಹೆಚ್ಚು ಗುಲಾಮರು ಉಳಿದಿದ್ದರು.

ಅಷ್ಟರಲ್ಲಿ ಜಮೈಕಾದ ದೊಡ್ಡವರಿಗೆ ಕಡಲ್ಗಳ್ಳರು ಬೇಡವಾಗಿದ್ದರು. ದ್ವೀಪದಲ್ಲಿ ಕಬ್ಬು ಬೆಳೆದಿತ್ತು, ಗುಲಾಮರ ವ್ಯಾಪಾರ ಬೆಳೆದಿತ್ತು, ಸ್ಪೇನಿನವರಿಗೆ ಮಾಲು ಮಾರಿದರೆ ದೋಚುವುದಕ್ಕಿಂತ ಹೆಚ್ಚು ಲಾಭ ಕಂಡಿತ್ತು. 1681ರಲ್ಲಿ ಕಾಯಿದೆ ಬಂತು. ಗಿರಾಕಿಗಳು ಬೇರೆ ಕಡಲು ಹುಡುಕಿಕೊಂಡು ಹೋದರು, ಪಡಖಾನೆಯೂ ಅವರ ಬೆನ್ನಿಗೇ ಹೋಯಿತು. 1691ರಲ್ಲಿ ಆಡಂ ಬಾಲ್ಡ್ರಿಜ್ ಎಂಬವನು ಮಡಗಾಸ್ಕರಿನ ಪಕ್ಕದ ಸೇಂಟ್ ಮೇರಿ ದ್ವೀಪದಲ್ಲಿ ಅಂಗಡಿ ತೆರೆದ. ನ್ಯೂಯಾರ್ಕಿನ ವರ್ತಕರು ಅವನಿಗೆ ಮದ್ಯ, ಮದ್ದುಗುಂಡು ಕಳಿಸುತ್ತಿದ್ದರು. ಅಲ್ಲಿ ಎರಡು ಶಿಲ್ಲಿಂಗಿಗೆ ಸಿಗುವ ಗ್ಯಾಲನ್ ರಮ್ಮಿಗೆ ಇಲ್ಲಿ ಮೂರು ಪೌಂಡ್, ಅಂದರೆ 30 ಪಟ್ಟು. ನಮ್ಮ ಕರಾವಳಿಯ ಮುಂದೆ ಹಾಯುವ ಹಡಗುಗಳನ್ನು, ಮೆಕ್ಕಾ ಯಾತ್ರಿಗಳನ್ನು ದೋಚಿದ ಬೆಳ್ಳಿ ಆ 30 ಪಟ್ಟಿನಲ್ಲಿ ಕರಗುತ್ತಿತ್ತು. ಅದೇ ಜಲಮಾರ್ಗದಲ್ಲಿ ಬಂದ ವಿಲಿಯಂ ಕಿಡ್ 1697ರಲ್ಲಿ ಸೌದೆ, ನೀರು ತುಂಬಿಕೊಳ್ಳಲು ಕಾರವಾರಕ್ಕೆ ಹೊಕ್ಕಾಗ ಅವನ ಕೆಲವು ನಾವಿಕರು ಹಡಗು ಬಿಟ್ಟು ಓಡಿಹೋದರು. ಇವನ ಹತ್ತಿರ ಇದ್ದರೆ ಕೊರಳಿಗೆ ಹಗ್ಗ ಎಂದು ಅವರಿಗೆ ಅನ್ನಿಸಿರಬೇಕು. 1701ರಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ ಕಿಡ್‌ನನ್ನು ಗಲ್ಲಿಗೇರಿಸಿದರು.

ಪೋರ್ಟ್ ರಾಯಲ್ಲಿನ ಪಡಖಾನೆಯ ಕತೆಗೆ ಕೊನೆಯ ದೃಶ್ಯ 1692ರ ಜೂನ್ 7ರದು. ಆ ದಿನ ಊರಿನ ಪಾದ್ರಿ ಎಮಾನುಯೆಲ್ ಹೀತ್ ಬೆಳಗಿನ ಪ್ರಾರ್ಥನೆ ಮುಗಿಸಿ, ಚರ್ಚಿನ ಪಕ್ಕದಲ್ಲೇ ವರ್ತಕರು ಸೇರುವ ಜಾಗಕ್ಕೆ ಹೋದ. ಅಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷ ಸಿಕ್ಕ. ಇಬ್ಬರೂ ಸ್ನೇಹಿತರು. ಊಟಕ್ಕೆ ಮೊದಲು ಹಸಿವು ಕೆರಳಲೆಂದು ಒಂದು ಗ್ಲಾಸ್ ಕುಡಿ ಎಂದು ಅಧ್ಯಕ್ಷ ಕೂರಿಸಿಕೊಂಡ. ಮಾಚಿಪತ್ರೆ ಜಾತಿಯ ಕಹಿ ಸೊಪ್ಪು ಹಾಕಿದ ವೈನ್. ಹೀತ್‌ಗೆ ಇನ್ನೊಬ್ಬರ ಮನೆಯಲ್ಲಿ ಊಟದ ಕರೆ ಇತ್ತು. ಆದರೆ ಅಧ್ಯಕ್ಷ ಪೈಪ್ ಹೊತ್ತಿಸಿಕೊಂಡ. ಸೇದುವುದರಲ್ಲಿ ಮಹಾ ನಿಧಾನಿ. ಪೈಪ್ ಮುಗಿಯುವ ಮುನ್ನ ಎದ್ದರೆ ಚೆನ್ನಾಗಿರುವುದಿಲ್ಲವೆಂದು ಪಾದ್ರಿ ಕೂತೇ ಇದ್ದ. ಕಾಲ ಕೆಳಗೆ ನೆಲ ಉರುಳತೊಡಗಿತು. ಇದೇನು ಎಂದು ಗಾಬರಿಯಾದವನಿಗೆ, ಭೂಕಂಪ, ಹೆದರಬೇಡ, ಈಗ ನಿಲ್ಲುತ್ತದೆ ಎಂದು ಅಧ್ಯಕ್ಷ ಗಂಭೀರವಾಗಿ ಹೇಳಿದನಂತೆ. ನಿಲ್ಲಲಿಲ್ಲ. ಪಾದ್ರಿ ಊಟಕ್ಕೆ ಹೋಗಬೇಕಿದ್ದ ಮನೆ, ಮನೆಯೊಡತಿ ಮತ್ತು ಬಂದಿದ್ದ ಅತಿಥಿಗಳ ಸಮೇತ ಮೊದಲ ಅಲುಗಾಟಕ್ಕೇ ನೆಲದಲ್ಲಿ ಹೂತು ಕಡಲ ಪಾಲಾಗಿತ್ತು. ಒಬ್ಬನ ನಿಧಾನದ ತಂಬಾಕಿನಿಂದ ಇನ್ನೊಬ್ಬನ ಜೀವ ಉಳಿಯಿತು. ಹೀತ್ ಇದನ್ನೆಲ್ಲ ಆಮೇಲೆ ಕಾಗದದಲ್ಲಿ ಬರೆದ.

ಆದದ್ದೇನೆಂದರೆ, ಊರು ನಿಂತದ್ದು ನೀರು ಕುಡಿದ ಸಡಿಲ ಮರಳಿನ ಮೇಲೆ. ಇಂಥ ಮರಳನ್ನು ಜೋರಾಗಿ ಅಲುಗಿಸಿದರೆ ಕಣಗಳ ನಡುವಿನ ಹಿಡಿತ ತಪ್ಪಿ, ಅಷ್ಟು ಹೊತ್ತು ಅದು ಗಂಜಿಯಂತಾಗುತ್ತದೆ. ಕಡಲ ದಡದ ಒದ್ದೆ ಮರಳಿನಲ್ಲಿ ನಿಂತು ಕಾಲನ್ನು ಅತ್ತಿತ್ತ ಒತ್ತಿದರೆ ಪಾದ ಹೂತುಹೋಗುತ್ತದಲ್ಲ, ಅದನ್ನೇ ದೊಡ್ಡದು ಮಾಡಿ ನೋಡಿ. ಕಡಲ್ಗಳ್ಳರ ಬೆಳ್ಳಿಯಲ್ಲಿ ಕೊಬ್ಬಿದ ಊರು ಲಂಡನ್ನಿನ ಮಾದರಿಯಲ್ಲಿ ಎರಡು ಮೂರು ಅಂತಸ್ತಿನ ಭಾರದ ಇಟ್ಟಿಗೆ ಮನೆಗಳನ್ನು ಕಟ್ಟಿಕೊಂಡಿತ್ತು. ಭಾರ ಹೆಚ್ಚಿದಷ್ಟೂ ಬೇಗ ಇಳಿದವು. ನಿಮಿಷಗಳ ಅಂತರದಲ್ಲಿ 33 ಎಕರೆ ಕಡಲ ಪಾಲಾಯಿತು. ಸುಮಾರು 2,000 ಜನ ಸತ್ತರು. ಗಾಯ, ಕಾಯಿಲೆಗಳಿಂದ ಮುಂದಿನ ವಾರಗಳಲ್ಲಿ ಹೆಚ್ಚುಕಡಿಮೆ 3,000 ಜನ. ಸ್ಮಶಾನವಿದ್ದ ಮರಳು ದಿಬ್ಬವೂ ಹೋಯಿತು, ಮಾರ್ಗನ್‌ನ ಗೋರಿ ಸಮೇತ. ನೆಲ ಇನ್ನೂ ನಡುಗುತ್ತಿದ್ದಾಗಲೇ ಉಳಿದ ಪುಂಡರು ಗೋದಾಮುಗಳ ಬಾಗಿಲು ಒಡೆಯತೊಡಗಿದರು, ಒಡೆಯುತ್ತಿದ್ದವರ ಮೇಲೆಯೇ ಕೆಲವು ಗೋಡೆ ಬಿದ್ದವು ಎಂದು ಹೀತ್ ಬರೆದಿದ್ದಾನೆ.

ಮುಳುಗಿದ ಬೀದಿಗಳು ಇವತ್ತಿಗೂ ಅಲ್ಲಿಯೇ ಇವೆ, ಆಳವಿಲ್ಲದ ಕಲಕು ನೀರಿನಡಿ. 2025ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1959ರಲ್ಲಿ ಎಡ್ವಿನ್ ಲಿಂಕ್‌ನ ತಂಡ ಅಲ್ಲಿಂದ ಒಂದು ಹಿತ್ತಾಳೆಯ ಜೇಬುಗಡಿಯಾರ ತೆಗೆಯಿತು. ಎಕ್ಸ್‌ರೇ ಹಿಡಿದು ನೋಡಿದರೆ ಮುಳ್ಳುಗಳ ಗುರುತು ತೋರಿಸಿದ್ದು 11 ಗಂಟೆ 43 ನಿಮಿಷ. 1981ರಿಂದ ಹತ್ತು ವರ್ಷ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಡಾನಿ ಹ್ಯಾಮಿಲ್ಟನ್ ತಂಡ ಅಲ್ಲಿ ಮುಳುಗು ಹಾಕಿ ಹಲವು ಕಟ್ಟಡಗಳನ್ನು ಅಳೆಯಿತು. ಅವರು ಒಂದನೇ ಕಟ್ಟಡ ಎಂದು ಗುರುತು ಹಾಕಿದ್ದು ಇಟ್ಟಿಗೆಯದು, ನೆಲ ಅಂತಸ್ತಿನಲ್ಲಿ ಸಾಲಾಗಿ ಅಂಗಡಿ ಕೋಣೆಗಳು. ಒಂದು ಕಡೆ ಮೋಚಿ ಮತ್ತು ಮರದ ಕೆಲಸದವನ ಅಂಗಡಿ, ಒಂದು ಕಡೆ ತಂಬಾಕು ಸೇದುವ ಮಣ್ಣಿನ ಪೈಪುಗಳ ಅಂಗಡಿ, ನಡುವೆ ಪಡಖಾನೆ. ನಮ್ಮ ಯಾವುದೇ ಬಸ್‌ಸ್ಟ್ಯಾಂಡಿನ ಎದುರಿನ ಸಾಲನ್ನು ನೋಡಿದಂತೆಯೇ. ಈರುಳ್ಳಿಯಂತೆ ಬುಡ ಉಬ್ಬಿದ ಕಡುಹಸಿರು ಗಾಜಿನ ಬಾಟಲಿಗಳು, ಬಿರಡೆ ಹಾಕಿದ್ದು ಹಾಕಿದಂತೆಯೇ. ತವರದ ಮಿಶ್ರಲೋಹ ಪ್ಯೂಟರಿನ ಲೋಟ, ತಟ್ಟೆಗಳು. ಈ ಲೋಹದ ಪಾತ್ರೆ ಮಾಡುತ್ತಿದ್ದ ಸೈಮನ್ ಬೆನಿಂಗ್ ಅದೇ ಊರಿನವನು. ಅವನು ಒತ್ತುತ್ತಿದ್ದ ಗುರುತು ಅನಾನಸ್ ಹಣ್ಣಿನದು. ಊರಿನುದ್ದಕ್ಕೂ ಸಾವಿರ ಸಾವಿರ ಮಣ್ಣಿನ ಪೈಪುಗಳು.

ಅಧ್ಯಕ್ಷ ಸೇದಿ ಮುಗಿಸದ ಪೈಪೂ ಆ ರಾಶಿಯಲ್ಲಿ ಎಲ್ಲೋ ಇದ್ದರೂ ಇರಬಹುದು. ಅಂಗಡಿಯವನ ಉದ್ರಿ ಪುಸ್ತಕ ಮಾತ್ರ ಸಿಗುವಂತಿಲ್ಲ. ಗಾಜು, ತವರ, ಸುಟ್ಟ ಮಣ್ಣು ಉಪ್ಪುನೀರಿಗೆ ತಡೆಯುತ್ತವೆ, ಕಾಗದ ತಡೆಯುವುದಿಲ್ಲ. ಆ ಮಂಗಳವಾರ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಬದುಕಿ ಉಳಿದ ಎಷ್ಟು ಗಿರಾಕಿಗಳ ಬಾಕಿ ಒಂದೇ ಏಟಿಗೆ ಚುಕ್ತಾ ಆಯಿತೋ!